ಮಗ್ಗಕ್ಕೂ ರೋಗ ಬಂದಿತ್ತೇ?

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಹುಚ್ಚವ್ವ ನೇಯ್ದ ಸೀರೆಗಿಂತ ಅವಳ ಹಾಡಿಗೇ ಹೆಚ್ಚು ಹೆಸರು. ಆದರೆ ಅವಳದೊಂದು ಹಟ: ಮಗ್ಗ ನಡೆಯುತ್ತಿದ್ದರೆ ಮಾತ್ರ ಬಾಯಿ ತೆರೆಯುವವಳು. ಗಂಟಲಿನ ಆಪರೇಷನ್ ಆದರೆ ದನಿ ಉಳಿಯುವುದಿಲ್ಲ ಎಂದು ಗದಗಿನ ಡಾಕ್ಟರು ಹೇಳಿದಾಗ, ಸೊಸೆ ಮೇಘಾ ಅತ್ತೆಯ ಹಾಡುಗಳನ್ನು ರೆಕಾರ್ಡ್ ಮಾಡಲು ಕುಳಿತಳು. ಭಜನಾ ಮೇಳದವರಿಗೆ ಲ್ಯಾಪ್‌ಟಾಪಿನಲ್ಲಿ ಹಾಡು ಜೋಡಿಸಿಕೊಡುವವಳು ಅವಳು. ಹಾಡಿನ ನಡುವೆ ನೊಣ ಗುಂಯ್ ಎಂದರೂ ಸೇರದು. ಮಗ್ಗ ನಿಲ್ಲಿಸಿರೆಂದು ಪರಿಪರಿಯಾಗಿ ಬೇಡಿಕೊಂಡಳು. ಹುಚ್ಚವ್ವ ಕೇಳಬೇಕಲ್ಲ! ತನಗೆ ನೇಯುವ ಶಕ್ತಿ ಇಲ್ಲದಿದ್ದರೇನಾಯಿತು, ಗಂಡ ಕಳಕಪ್ಪನನ್ನು ಮಗ್ಗಕ್ಕೆ ಕೂರಿಸಿ, ತಾನು ಪಕ್ಕದಲ್ಲಿ ಕುಳಿತು ಮನದಣಿಯೆ ಹಾಡಿದಳು.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಪಿಸುಮಾತಷ್ಟೇ.

ಅತ್ತೆ ಚೇತರಿಸಿಕೊಂಡ ಮೇಲೆ ಮೇಘಾ ಆ ಹಾಡು ಹಾಕಿದಳು. ರೆಕಾರ್ಡ್ ಮಾಡಿದ ದಿನ ಕೊನೆಯಲ್ಲಿ ರೆಕಾರ್ಡರಿನ ಬ್ಯಾಟರಿ ಮುಗಿದು ಫೈಲು ಕೆಟ್ಟಿತ್ತು. ಹೇಗೋ ಒದ್ದಾಡಿ ಸಾಫ್ಟ್‌ವೇರಿನಲ್ಲಿ ತೆರೆದಿದ್ದಳು. ಕೇಳಿದರೆ ಅದೆಂಥ ದನಿ! ಎರೆಮಣ್ಣು ಮೆತ್ತಿಕೊಂಡ ಕಾಲಿನ ಹಾಗೆ ಭಾರ, ಜಡ.

ಹುಚ್ಚವ್ವನ ಮುಖ ಸಣ್ಣದಾಯಿತು. "ರೋಗ ಆವಾಗ್ಲೇ ದನಿ ತಿಂದಿತ್ತು. ಒಬ್ರೂ ನನಗ ಹೇಳಲಿಲ್ಲ. ಅದನ್ನ ಅಳಿಸಿಬಿಡವಾ," ಎಂದು ಪಿಸುಗುಟ್ಟಿ ಒಳಗೆ ಹೋಗಿ ಮಲಗಿಬಿಟ್ಟಳು. ಕಳಕಪ್ಪ ಎದ್ದು ಮಗ್ಗಕ್ಕೆ ಕುಳಿತ. ದುಃಖವಾದರೆ ಅವನಿಗೆ ಬೇರೆ ದಾರಿ ಗೊತ್ತಿಲ್ಲ.

ಮೇಘಾ ಅಳಿಸುವ ಮೊದಲು ಇನ್ನೊಮ್ಮೆ ಕೇಳೋಣವೆಂದು ಹಾಕಿದಳು. ಪಡಸಾಲೆಯಲ್ಲಿ ಮಾವನ ಮಗ್ಗ ಖಟ್, ಖಟ್ ಎನ್ನುತ್ತಿತ್ತು. ಲ್ಯಾಪ್‌ಟಾಪಿನೊಳಗೂ ಅದೇ ಮಗ್ಗ, ಅದೇ ಮಾವ. ಅಲ್ಲಿ ಮಾತ್ರ ಖೊಟ್, ಖೊಟ್ ಎಂದು ಹಿಂದೆ ಹಿಂದೆ ಉಳಿಯುತ್ತಿತ್ತು. ಮಾವನ ಕೈಯ ವೇಗ ಎಂದೂ ಬದಲಾದದ್ದಿಲ್ಲ.

ಸೆಟ್ಟಿಂಗ್ಸ್ ತೆರೆದಳು. ರೆಕಾರ್ಡರು ದನಿಯನ್ನು ಸೆಕೆಂಡಿಗೆ ನಲವತ್ತೆಂಟು ಸಾವಿರ ಚೂರು ಮಾಡಿ ಹಿಡಿದಿತ್ತು. ಅದೇ ಸ್ಯಾಂಪಲ್ ರೇಟು. ಕೆಟ್ಟ ಫೈಲು ತೆರೆಯುವಾಗ ಆ ಲೆಕ್ಕವನ್ನು ಸಾಫ್ಟ್‌ವೇರು ಇವಳನ್ನೇ ಕೇಳಿತ್ತು, ಭಜನೆಯವರ ಸಿ.ಡಿ. ಮಾಡಿ ಮಾಡಿ ರೂಢಿಯಾದ ಕೈ ನಲವತ್ನಾಲ್ಕು ಸಾವಿರದ ನೂರು ಒತ್ತಿಬಿಟ್ಟಿತ್ತು. ಅಷ್ಟೇ ಚೂರು ಹೆಚ್ಚು ಹೊತ್ತಿಗೆ ಹರಡಿ ಹಾಡು ನಿಧಾನವಾಗಿತ್ತು, ದನಿ ದಪ್ಪಗಾಗಿತ್ತು. ಎಳೆ ಅಷ್ಟೇ ಇದ್ದು, ಅವನ್ನು ಬಿಡಿಸಿ ಹಿಡಿಯುವ ಹಣಿಗೆಯ ಹಲ್ಲು ಜಾಳಾದರೆ ಬಟ್ಟೆ ಅಗಲವಾಗದೆ ಇನ್ನೇನಾದೀತು?

ಸರಿಪಡಿಸಿ, ಅತ್ತೆಯನ್ನು ಕೈಹಿಡಿದು ಪಡಸಾಲೆಗೆ ಕರೆತಂದಳು.

"ಅತ್ತಿ, ನಿಮ್ಮ ದನಿ ರೋಗ ತಿಂದಿತ್ತಂದ್ರ ಮಗ್ಗಕ್ಕೂ ರೋಗ ಬಂದಿತ್ತೇನ್ರಿ? ತಪ್ಪು ನಂದು. ಜಾಳ ಹಣಿಗ್ಯಾಗ ನೇಯ್ದಿದ್ದೆ. ಈಗ ಕೇಳ್ರಿ."

ದನಿ ಎದ್ದಿತು. ತೆಳ್ಳಗೆ, ಖಡಕ್ಕಾಗಿ, ಓಣಿಯ ಆ ತುದಿಗೆ ಕೇಳಿಸುವ ಹುಚ್ಚವ್ವನದೇ ದನಿ. ಎದುರುಮನೆಯ ಅನ್ನವ್ವ ರೊಟ್ಟಿಹಿಟ್ಟಿನ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಳು. ತಾನು ಯಾವ ಮಗ್ಗವನ್ನು ನಿಲ್ಲಿಸಿರೆಂದು ಗೋಗರೆದಿದ್ದಳೋ ಅದೇ ಮಗ್ಗ ಈ ದನಿಯನ್ನು ಉಳಿಸಿಕೊಟ್ಟಿತೆಂದು ಮೇಘಾಳಿಗೆ ನಗುವೂ ಅಳುವೂ ಕೂಡಿಯೇ ಬಂದವು.

ಕಳಕಪ್ಪ ಮಗ್ಗ ನಿಲ್ಲಿಸಿ, ಬಾಯಿ ತೆರೆದು ಕುಳಿತುಬಿಟ್ಟಿದ್ದ. ಹುಚ್ಚವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗಂಡನನ್ನು ದುರುಗುಟ್ಟಿ ನೋಡಿದಳು.

"ಯಾಕ ನಿಲ್ಲಿಸಿದ್ರಿ? ಮಗ್ಗ ನಿಂತ್ರ ನಾ ಹಾಡಂಗಿಲ್ಲ," ಎಂದಳು ಪಿಸುದನಿಯಲ್ಲಿ.

ಕಳಕಪ್ಪ ಲಾಳಿ ಎಸೆದ. ಈ ಸಲ ಲ್ಯಾಪ್‌ಟಾಪಿನೊಳಗಿನ ಮಗ್ಗವೂ ಹೊರಗಿನ ಮಗ್ಗವೂ ಒಂದೇ ಪೆಟ್ಟಿಗೆ ಬಿದ್ದವು.