ಅಳಿಲುಮರಿಯ ದನಿ

ಮೂಗಿನೊಳಗೆ ಹೊಡೆದ ಮರಗಟ್ಟಿಸುವ ಸ್ಪ್ರೇ ಗಂಟಲಿನ ಹಿಂದಕ್ಕೆ ಕಹಿಯಾಗಿ ಇಳಿಯುತ್ತಿದೆ, ಬೇವಿನ ಕಹಿಯಲ್ಲ, ಮಾತ್ರೆ ನಾಲಿಗೆಯ ಮೇಲೇ ಕರಗಿಹೋದಾಗಿನ ಕಹಿ, ನುಂಗಿದರೂ ನುಂಗಿದ್ದು ಗೊತ್ತಾಗುತ್ತಿಲ್ಲ, ಗಂಟಲೇ ಇಲ್ಲ ಅನ್ನುವ ಹಾಗೆ— ಎಷ್ಟು ದಿನದ ಮೇಲೆ ನೋವಿಲ್ಲದ ಗಂಟಲು, ತೇಜಶ್ರೀಗೆ ನಗು ಬಂತು, ಅಲುಗಾಡಬಾರದು, ಚೆನ್ನೈನ ಪೋರೂರಿನ ಈ ಆಸ್ಪತ್ರೆಯ ಕುರ್ಚಿ ತಲೆಯನ್ನು ಹಿಂದಕ್ಕೆ ಒರಗಿಸಿ ಹಿಡಿದಿದೆ, ಪಕ್ಕದ ಸ್ಟೂಲಿನ ಮೇಲೆ ಮಗಳು ಬಿಂದು ಕಾಲಾಡಿಸುತ್ತ ಕೂತಿದ್ದಾಳೆ, ಸ್ಕೂಲಿಗೆ ರಜೆ, ಯಾರ ಹತ್ತಿರ ಬಿಟ್ಟು ಬರುವುದು, ಡಾಕ್ಟರ್ ಗಿರಿಧರ್ ಕರಿಯ ತೆಳುಕೊಳವೆಯ ತುದಿ ಒರೆಸುತ್ತ, ಭಯಪಡಾದೀಂಗಮ್ಮಾ, ಹೆದರಬೇಡಿ, ಮೂಗಲ್ಲಿ ಉಸಿರಾಡಿ ಸಾಕು, ಅವರ ತಮಿಳು ಅವಳ ತಲೆಯೊಳಗೆ ಅರ್ಧ ತಾನಾಗಿಯೇ ಕನ್ನಡವಾಗಿಬಿಡುತ್ತದೆ. ಟಾನ್ಸಿಲ್ ನೋಡಲು ಬಾಯಿ ತೆರೆದರೆ ಸಾಕಿತ್ತು, ನೋಡಿದ್ದೂ ಆಯಿತು, ಎರಡೂ ಊದಿ, ಗುಂಡಿ ಗುಂಡಿಯಾಗಿ, ಇವು ಇನ್ನು ಕೆಲಸಕ್ಕೆ ಬಾರವು, ತೆಗೆದರೆ ಒಳ್ಳೆಯದು, ಮಕ್ಕಳಿಗಾದರೆ ಬೇಗ ವಾಸಿ, ನಿಮ್ಮ ವಯಸ್ಸಿಗೆ ಒಂದೆರಡು ವಾರ ಚೆನ್ನಾಗಿಯೇ ನೋಯುತ್ತದೆ, ರಕ್ತ ಬಂದರೆ ಓಡಿ ಬರಬೇಕು— ಆದರೆ ಅವಳು ಕೇಳಿದ್ದು ನೋವಿನ ಮಾತಲ್ಲ, ಸಾರ್, ನಾನು ದನಿಯಲ್ಲೇ ಬದುಕುವವಳು, ನನ್ನ ದನಿ? ಅದಕ್ಕೇ ಈ ಕೊಳವೆ, ದನಿ ಹುಟ್ಟುವ ಜಾಗವನ್ನೂ ಒಮ್ಮೆ ನೋಡಿಬಿಡೋಣ ಅಂದರು.

ವಡಪಳನಿಯ ಡಬ್ಬಿಂಗ್ ಸ್ಟುಡಿಯೋದ ಕತ್ತಲೆ, ಕಿವಿಗೆ ಹೆಡ್‌ಫೋನು, ಎದುರಿನ ಪರದೆಯ ಮೇಲೆ ಬಾಲ ಕುಣಿಸುವ ಅಳಿಲುಮರಿ, ಯಾವ ದೇಶದವರು ಬರೆದ ಚಿತ್ರವೋ, ಬಾಯಿ ಅದರದು, ಕನ್ನಡ ಅವಳದು, ಅದು ಬಿದ್ದರೆ ಇವಳು ಅಯ್ಯೋ ಅನ್ನಬೇಕು, ಅದು ಅತ್ತರೆ ಇವಳ ಮೂಗು ಕಟ್ಟಬೇಕು, ಆ ಪುಟ್ಟ ದನಿ ಎಲ್ಲಿಂದ ಬರುತ್ತದೆ ಅಂತ ಅವಳಿಗೇ ಗೊತ್ತಿಲ್ಲ, ಹುಡುಕಿದರೆ ಸಿಗುವುದಿಲ್ಲ, ಮೈಕಿನ ಮುಂದೆ ನಿಂತರೆ ಬಂದುಬಿಡುತ್ತದೆ. ಬರುತ್ತಿತ್ತು. ಈಚೆಗೆ ಬೆಳಿಗ್ಗೆ ಎದ್ದರೆ ಎಂಜಲು ನುಂಗಲೂ ಹೆದರಿಕೆ, ಕಿವಿಯವರೆಗೆ ಸೆಳೆತ, ಜ್ವರ, ಆಂಟಿಬಯಾಟಿಕ್, ವಾಸಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ಅದೇ, ರೆಕಾರ್ಡಿಂಗ್ ನೋಡಿಕೊಳ್ಳುವ ಸಾಯಿ ಗಾಜಿನ ಆಚೆಯಿಂದ, ಏನು ಮೇಡಂ, ಇವತ್ತು ಅಳಿಲು ಹುಲಿ ಥರ ಇದೆಯಲ್ಲ, ತೇಜಶ್ರೀ ನಕ್ಕಳು, ಮನೆಗೆ ಹೋಗುವ ಬಸ್ಸಿನಲ್ಲಿ ಅತ್ತಳು. ಹೊಸಪೇಟೆಯಿಂದ ಅವ್ವ ಫೋನಿನಲ್ಲಿ, ತಗಸಬ್ಯಾಡವ್ವ, ದೇವ್ರು ಕೊಟ್ಟದ್ದೈತಿ, ಸುಮ್ಸುಮ್ನ ಕೊಟ್ಟಿರ್ತಾನೇನು, ಉಪ್ಪುನೀರು ಮುಕ್ಕಳಸು, ಅರಿಶಿಣ ಹಾಕಿ ಹಾಲು ಕುಡಿ, ಆಮೇಲೆ ಸಣ್ಣಗೆ, ದನಿ ಹೋತಂದ್ರ ಏನ್ ಮಾಡ್ತಿಯವ್ವ. ಹೋದ ತಿಂಗಳು ಒಂದು ಕಂತನ್ನು ಬೇರೆ ಹುಡುಗಿಯಿಂದ ಮಾಡಿಸಿದರು, ತಪ್ಪೇನಿಲ್ಲ, ಕೆಲಸ ನಿಲ್ಲಬಾರದು, ಒಳ್ಳೆಯ ದನಿಯೇ, ಟೀವಿ ಮುಂದೆ ಕೂತ ಬಿಂದು— ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವ ಬಿಂದು, ಊಟ ಮಾಡೇ ಅಂದರೆ ಅಪ್ಪುರಂ, ಆಮೇಲೆ, ಅನ್ನುವವಳು— ಎದ್ದು ಬಂದು ಇವಳ ಸೆರಗು ಹಿಡಿದು, ಇದು ನಮ್ಮ ಅಳಿಲಲ್ಲ, ನಮ್ಮದನ್ನ ಕರಿ, ಅಂದಳು, ಕನ್ನಡದಲ್ಲಿ, ಅಳಿಲುಮರಿ ಮಾತಾಡುವ ಹಾಗೇ ತುಸು ಎಳೆದು. ಇಷ್ಟು ದಿನ ಬಿಂದುವಿಗೆ ಕನ್ನಡ ಕಲಿಸಿದ್ದು ಅಮ್ಮನಲ್ಲ, ಆ ಅಳಿಲು. ಆಗ ಗಂಟಲಿನಲ್ಲಿ ದನಿಯೇ ಇರಲಿಲ್ಲ, ಮಗಳ ತಲೆ ಸವರಿದಳು ಅಷ್ಟೇ.

ಕೊಳವೆ ಮೂಗಿನಲ್ಲಿ ಜಾರಿತು, ನೋವಿಲ್ಲ, ಯಾರೋ ಮುಖದ ಒಳಗೆ ನಡೆದಾಡಿದ ಹಾಗೆ, ಕಣ್ಣಲ್ಲಿ ನೀರು, ಅಲ್ಲಿ ನೋಡಿ ಅಂದರು ಡಾಕ್ಟರು, ಗೋಡೆಯ ಪರದೆಯ ಮೇಲೆ ನಸುಗೆಂಪು ಗುಹೆ, ಒದ್ದೆ, ಹೊಳೆಯುತ್ತಿದೆ, ಇದು ನಾನೇ, ಈ ಗೋಡೆಗಳ ಹಿಂದೆ ನಾನು ಇಷ್ಟು ವರ್ಷ ಬದುಕಿದ್ದೇನೆಯೇ, ನಾಲಿಗೆಯ ಬುಡ, ಎಲೆಯಂಥದ್ದೊಂದು ಮುಚ್ಚಳ, ಅದರಾಚೆ— ಎರಡು ಬಿಳಿ ಪಟ್ಟಿಗಳು. ಎಳನೀರಿನ ಗಂಜಿಯ ಬಿಳುಪು, ಅಷ್ಟೇ ನುಣುಪು, ಉಸಿರು ಎಳೆದರೆ ತೆರೆಯುತ್ತವೆ, ಬಿಟ್ಟರೆ ತುಸು ಹತ್ತಿರ, ಕೇಳದೆ, ಹೇಳದೆ, ಅವಳು ಮಲಗಿದಾಗಲೂ ಹೀಗೇ ದಾರಿ ಬಿಟ್ಟು ಕೂತಿದ್ದವೇ, ಅವಳು ಹುಟ್ಟಿದ ಗಳಿಗೆಯಲ್ಲಿ ಮೊದಲು ನಡುಗಿದ್ದು ಇವೇ, ಅವ್ವಾ ಅಂದಿದ್ದು ಇವೇ, ಬಿಂದುವನ್ನು ಹೆರುವಾಗ ಕಿರುಚಿದ್ದು ಇವೇ, ಇಷ್ಟು ಚಿಕ್ಕವು, ಉಗುರಿನಷ್ಟೂ ಇಲ್ಲವೇನೋ. ಈಈ ಅನ್ನಿ ಅಂದರು, ಅಂದಳು, ಪಟ್ಟಿಗಳು ಓಡಿ ಬಂದು ಒಂದಕ್ಕೊಂದು ಆತು ನಿಂತವು, ಮೈ ಜುಮ್ಮೆಂದಿತು, ಮೂಲೆಯಲ್ಲಿದ್ದ ನರ್ಸು ಕೈಯಲ್ಲಿದ್ದ ಟ್ರೇ ಇಡುವುದನ್ನು ಮರೆತು ನೋಡುತ್ತಿದ್ದಾಳೆ. ಟಾನ್ಸಿಲ್ ಇರೋದು ಮೇಲೆ, ಬಾಗಿಲ ಪಕ್ಕ, ನಾನು ಇಲ್ಲಿಗೆ ಇಳಿಯೋದೇ ಇಲ್ಲ, ಅನ್ನುತ್ತಿದ್ದಾರೆ ಡಾಕ್ಟರು, ಬಾಗಿಲು ಅಗಲವಾದರೆ ದನಿ ಮೊಳಗುವ ರೀತಿ ಒಂಚೂರು ಬೇರೆ ಅನ್ನಿಸಬಹುದು, ಕೆಲವರಿಗೆ, ಸ್ವಲ್ಪ ದಿನ, ನೂರಕ್ಕೆ ನೂರು ಗ್ಯಾರಂಟಿ ನಾನು ಕೊಡಲಾರೆ, ಆದರೆ ಈ ಸೋಂಕನ್ನು ಇಟ್ಟುಕೊಂಡು ಹಾಡಲೂ ಆಗದು, ಮಾತಾಡಲೂ ಆಗದು. ಸ್ಟೂಲಿನಿಂದ ಬಿಂದು, ಅಮ್ಮಾ, ಅಳಿಲು ಎಂಗೆ? ಎಲ್ಲಿ ಅದು, ಎಲ್ಲಿದೆ ಅಂತ, ಡಾಕ್ಟರು ನಕ್ಕು, ಹೌದಲ್ಲ, ಎಲ್ಲಿ, ಒಂದು ಸಲ ಬರಲಿ ಅಂದರು. ಮೂಗಿನಲ್ಲಿ ಕೊಳವೆ, ಮರಗಟ್ಟಿದ ಗಂಟಲು, ಬರುತ್ತದೆಯೇ, ಹುಡುಕಬಾರದು, ಬಿಂದೂ, ಇಲ್ಲಿದ್ದೀನಿ ಕಣೇ— ಬಂತು, ಒಡಕು ಒಡಕಾಗಿ, ಆದರೆ ಅದೇ, ಪರದೆಯ ಮೇಲೆ ಪಟ್ಟಿಗಳೆರಡೂ ಉದ್ದಕ್ಕೆ ಸೆಳೆದು, ತೆಳುವಾಗಿ, ಎಳೆಯಷ್ಟಾಗಿ ನಡುಗುತ್ತಿವೆ, ಬಿಂದು ಎದ್ದು ಹೋಗಿ ಪರದೆಗೆ ಅಂಗೈ ಒತ್ತಿ ನಿಂತಿದ್ದಾಳೆ.

ಕೊಳವೆ ಹೊರಬಂತು, ಮೂಗು ಒರೆಸಿಕೊಂಡಳು, ಯೋಚಿಸಿ ಹೇಳಿ, ಅವಸರವಿಲ್ಲ ಅಂದರು, ತೆಗೆದುಬಿಡಿ ಸಾರ್, ಅವಳೇ ಅಂದದ್ದು, ಅಷ್ಟು ಸುಲಭವಾಗಿ, ಅವ್ವನಿಗೆ ಹೇಳಬೇಕು, ಸಾಯಿಗೆ ರಜೆ ಕೇಳಬೇಕು, ಬಿಂದುವಿಗೆ ಆ ಎರಡು ವಾರ ಮಾತಿಲ್ಲದ ಅಮ್ಮ, ಐಸ್‌ಕ್ರೀಮಿನ ಅಮ್ಮ, ಆಮೇಲೆ ಮೈಕಿನ ಮುಂದೆ— ಆಮೇಲೆ ಏನು, ಯೋಚನೆ ಮುಂದಕ್ಕೆ ಹೋಗುತ್ತಿಲ್ಲ, ಡಾಕ್ಟರು ಪರದೆ ಆರಿಸಿಲ್ಲ, ಕೊನೆಯ ಚಿತ್ರ ಹಾಗೇ ನಿಂತಿದೆ, ಬಿಳಿ ಪಟ್ಟಿಗಳೆರಡು, ನಡುವೆ ಕೂದಲೆಳೆಯಷ್ಟು ಕತ್ತಲು, ಇನ್ನೇನು ಕೂಡಬೇಕು, ಇನ್ನೇನು ದನಿ, ಎರಡು ಬಿಳಿ ಪಟ್ಟಿಗಳು—