ಹತ್ತೊಂಬತ್ತು ಟವಲ್

ಬೆಳಗ್ಗೆ ಒಂಬತ್ತೂವರೆಗೆ ದ್ಯಾವಯ್ಯ ಮೇಷ್ಟ್ರು ನೋಟ್‌ಬುಕ್ಕಿನ ಮೂರನೇ ಪುಟ ತೆಗೆದು, ಅಲ್ಲಿ ಬರೆದುಕೊಂಡಿದ್ದ ಕಮಾಂಡನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದರೆ, ಪರದೆ ತುಂಬ ಟವಲ್‌ಗಳು. ಎಣಿಸಿದರು. ಹತ್ತೊಂಬತ್ತು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಎಣಿಸಿದರು. ಆಗಲೂ ಹತ್ತೊಂಬತ್ತೇ.

ಈ ಟವಲ್ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೇಷ್ಟ್ರ ಜೊತೆ ನೀವೂ ತಲೆ ಕೆರೆದುಕೊಳ್ಳುತ್ತಾ ಕೂರಬೇಕಾಗುತ್ತದೆ. ಹೊಳೆನರಸೀಪುರದ ಆ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ನಿಜವಾದ ಕಂಪ್ಯೂಟರ್ ಅಂತ ಇದ್ದದ್ದು ಒಂದೇ, ಮೂಲೆಯ ದೊಡ್ಡ ಡಬ್ಬ. ಹುಡುಗರ ಮುಂದಿದ್ದ ಪರದೆಗಳೆಲ್ಲ ಅದಕ್ಕೇ ಜೋತುಬಿದ್ದವು. ಒಂದು ಸಲಕ್ಕೆ ಇಪ್ಪತ್ತು ಜನಕ್ಕೆ ಜಾಗ, ಓದುವವರು ಅರವತ್ತು. ಐದು ನಿಮಿಷ ಏನೂ ಮಾಡದೆ ಎದ್ದು ಹೋದರೆ ಯಂತ್ರ ಯಾವ ಮುಲಾಜೂ ಇಲ್ಲದೆ ಆಚೆಗೆ ಹಾಕುತ್ತಿತ್ತು. ಅರಕಲಗೂಡು ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿದು ಬೆಳೆದ ಮಕ್ಕಳು ಇಂಥದ್ದಕ್ಕೆಲ್ಲ ಬಗ್ಗುತ್ತಾರೆಯೇ? ಕೊನೇ ವರ್ಷದ ರಜನೀಶ್ ಒಂದು ಪುಟ್ಟ ಪ್ರೋಗ್ರಾಮ್ ಬರೆದ. ಅದು ಮಾಡುವುದು ಏನೂ ಇಲ್ಲ, ಸುಮ್ಮನೆ ನಡೆಯುತ್ತಿರುತ್ತದೆ, ಅದು ನಡೆಯುವಷ್ಟು ಹೊತ್ತು ಜಾಗ ನಿಮ್ಮದು. ಟವಲ್ ಎಂದು ಹೆಸರಿಟ್ಟು ಎಲ್ಲರಿಗೂ ಹಂಚಿಬಿಟ್ಟ. ಓದಿನಲ್ಲಿ ಹಿಂದೆ, ಬಾಯಿ ಮಾತ್ರ ಮುಂದೆ; ಅಂಥ ಹುಡುಗ ಅವನು.

ಹನ್ನೊಂದು ಗಂಟೆಗೆ ತಪಾಸಣೆಯವರು ಬರುವವರಿದ್ದರು. ಪ್ರಿನ್ಸಿಪಾಲ್ ಚನ್ನಬಸವಯ್ಯನವರು ಹಿಂದಿನ ದಿನವೇ ಲ್ಯಾಬಿನ ಬಾಗಿಲಲ್ಲಿ ನಿಂತು ಹೇಳಿದ್ದರು, ಯಂತ್ರ ತೆವಳುತ್ತಿದೆ, ಈ ಟವಲ್‌ಗಳನ್ನೆಲ್ಲ ಕಿತ್ತು ಹಾಕಿ, ಯಾರದ್ದು ಅಂತ ಗೊತ್ತಾದರೆ ಅವರಿಗೆ ಹಾಲ್ ಟಿಕೆಟ್ ಇಲ್ಲ ಎಂದು.

ಕಿತ್ತು ಹಾಕುವುದೇನೋ ಸುಲಭ, ಅದರ ಕಮಾಂಡ್ ನಾಲ್ಕನೇ ಪುಟದಲ್ಲಿತ್ತು. ಮೇಷ್ಟ್ರು ತಡೆದು ಕೂತಿದ್ದದ್ದು ಬೇರೆಯದಕ್ಕೆ. ಒಂದು ಗಂಟೆಗಿಂತ ಹೆಚ್ಚು ಯಾವ ಪ್ರೋಗ್ರಾಮನ್ನೂ ಓಡಿಸಬಾರದು ಎಂದು ಗೋಡೆ ಮೇಲೆ ನಿಯಮ ಬರೆದಿತ್ತು. ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ ದಿನಗಟ್ಟಲೆ ಓಡಿಸದೆ ಗತಿಯಿಲ್ಲ. ಹೋದ ವರ್ಷವೂ ಇಂಥದ್ದೇ ತಪಾಸಣೆಯ ದಿನ, ಹೇಳಿದವರ ಮಾತು ಕೇಳಿಕೊಂಡು ಮೇಷ್ಟ್ರು ಮೇನ್ ಸ್ವಿಚ್ಚನ್ನೇ ಆರಿಸಿದ್ದರು. ಒಳಗೆ ಭಾನುಪ್ರಿಯಾ ಎಂಬ ಹುಡುಗಿಯ ಪ್ರಾಜೆಕ್ಟ್ ಆರು ದಿನದಿಂದ ಕದ್ದು ಓಡುತ್ತಿತ್ತು. ಮಾರನೇ ದಿನ ತೋರಿಸುವುದಕ್ಕೆ ಅವಳ ಹತ್ತಿರ ಏನೂ ಉಳಿಯಲಿಲ್ಲ. ಫೇಲಾದಳು. ಈಗ ಚನ್ನರಾಯಪಟ್ಟಣದಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಆ ಊರಿಗೆ ಹೋದರೆ ಮೇಷ್ಟ್ರು ಆ ಬೀದಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಾರೆ. ಈ ಸಲವೂ ಹತ್ತೊಂಬತ್ತರಲ್ಲಿ ಒಂದು ಯಾವುದೋ ಮಗುವಿನ ಪ್ರಾಜೆಕ್ಟ್ ಆಗಿದ್ದರೆ? ನಾಳೆಯೇ ಎಲ್ಲರೂ ಪ್ರಾಜೆಕ್ಟ್ ತೋರಿಸಬೇಕಾದ ದಿನ.

ಪರದೆಯಲ್ಲಿ ಎಲ್ಲದಕ್ಕೂ ಒಂದೇ ಹೆಸರು, ಎಲ್ಲದರ ಒಡೆಯನೂ 'ವಿದ್ಯಾರ್ಥಿ'. ಅರವತ್ತು ಮಕ್ಕಳಿಗೂ ಅದೊಂದೇ ಲಾಗಿನ್, ಪಾಸ್‌ವರ್ಡನ್ನು ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೇ ಬರೆದಿತ್ತು. ಹದಿನೆಂಟು ಟವಲ್‌ಗಳ ಮುಂದೆ ಸೊನ್ನೆ ಇತ್ತು, ಅಂದರೆ ಯಂತ್ರಕ್ಕೆ ಅವುಗಳಿಂದ ಏನೂ ಭಾರವಿಲ್ಲ. ಒಂದರ ಮುಂದೆ ಮಾತ್ರ ನೂರಕ್ಕೆ ತೊಂಬತ್ತೊಂಬತ್ತು. ಅದರ ನಂಬರ್ 4417. ಶುರುವಾಗಿ ಒಂಬತ್ತು ದಿನವಾಗಿತ್ತು. ಉಳಿದವು ಯಾವ ಸೀಟಿನವು ಎಂಬುದಕ್ಕೆ ಗುರುತಿತ್ತು. ಇದಕ್ಕೆ ಅದೂ ಇಲ್ಲ, ಆ ಜಾಗದಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ಯಂತ್ರಕ್ಕೇ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತಾಗಬೇಕು ಎಂದು ಮೇಷ್ಟ್ರಿಗೆ ರೇಗಿತು.

"ಸಾ, ತೊಂಬತ್ತೊಂಬತ್ತು ತಿಂತಿರೋದು ಕೆಟ್ಟೋಗಿರೋದು," ಎಂದಳು ಮುಂದಿನ ಸಾಲಿನ ಅನುಶ್ರೀ. "ಇದ್ದಲ್ಲೇ ಗಿರಗಿರ ಸುತ್ತೈತೆ ಅಷ್ಟೇಯ. ಮೊದ್ಲು ಅದನ್ನೇ ತೆಗೀರಿ."

"ಕೆಲ್ಸ ಮಾಡ್ತಿದ್ರೂ ಅಂಗೇ ತೋರ್ಸುತ್ತೆ ಸಾ," ಎಂದಳು ಅವಳ ಪಕ್ಕದ ಸಿಂಧು. ಕ್ಲಾಸಿಗೇ ಮೊದಲು ಬರುವ ಹುಡುಗಿ, ಬೆಳಗ್ಗೆಯಿಂದ ಕರ್ಚೀಫನ್ನು ಹಿಂಡುತ್ತ ಕೂತಿದ್ದಳು.

"ಎರಡೂ ಒಂದೇ ತರ ಕಂಡ್ರೆ ನಾನ್ ಏನ್ ಮಾಡ್ಲವ್ವಾ?" ಎಂದರು ಮೇಷ್ಟ್ರು.

ಅವರು ಇಪ್ಪತ್ತಾರು ವರ್ಷ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಕಲಿಸಿದವರು. ಕಂಪ್ಯೂಟರ್ ಮೇಷ್ಟ್ರಿಗೆ ವರ್ಗವಾದ ಮೇಲೆ, ಯಾರೂ ಇಲ್ಲ ನೀವೇ ನೋಡಿಕೊಳ್ಳಿ ಎಂದು ಇಲ್ಲಿಗೆ ತಳ್ಳಿದ್ದರು. ಲೇತಾದರೆ ಸ್ಕ್ರೂಡ್ರೈವರ್‌ನ ತುದಿ ಮೆಷಿನ್ನಿಗೆ, ಹಿಡಿ ಕಿವಿಗೆ ಒತ್ತಿಕೊಂಡು ಯಾವ ಬೇರಿಂಗ್ ಹೋಗಿದೆ ಎಂದು ಹೇಳಿಬಿಡುತ್ತಿದ್ದರು. ಬೇರೆ ದಾರಿ ಕಾಣದೆ ಈಗಲೂ ಹಾಗೇ ಮಾಡಿದರು. ಮೂಲೆಗೆ ಹೋಗಿ ಡಬ್ಬಕ್ಕೆ ಸ್ಕ್ರೂಡ್ರೈವರ್ ಆನಿಸಿ ಕಿವಿಗೊಟ್ಟರು. ಫ್ಯಾನ್ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಹುಡುಗರು ಕಿಸಕ್ಕೆಂದರು. ಅಂಗೈ ಇಟ್ಟು ನೋಡಿದರು, ರಾತ್ರಿಯಿಡೀ ಓಡಿದ ಲೇತಿನ ಹಾಗೆ ಬಿಸಿ ಇತ್ತು.

"ಯಾರದ್ದಾದ್ರೂ ಪ್ರಾಜೆಕ್ಟು ಇದ್ರೊಳಗೆ ಐತೇನ್ರಪ್ಪಾ? ಈಗ್ಲೇ ಹೇಳ್ಬುಡಿ."

ಹಾಲ್ ಟಿಕೆಟ್ ಹೋಗುತ್ತದೆ ಎಂದ ಮೇಲೆ ಯಾರು ಬಾಯಿ ಬಿಡುತ್ತಾರೆ? ಮೇಷ್ಟ್ರಿಗೆ ಸಿಂಧುವಿನ ಮೇಲೇ ಅನುಮಾನ. ಗಂಟೆ ಹತ್ತೂಕಾಲಾಗಿತ್ತು. ಒಂದೊಂದೇ ನಂಬರನ್ನು ಗಟ್ಟಿಯಾಗಿ ಹೇಳಿ, ಅವಳ ಮುಖ ನೋಡಿಕೊಂಡು ತೆಗೆಯುವುದು ಎಂದು ತೀರ್ಮಾನಿಸಿದರು.

"4102," ಎಂದರು. ಸಿಂಧು ಕರ್ಚೀಫ್ ಹಿಂಡಿದಳು. ಒತ್ತಿದರು.

"ಒಗೆಯಕ್ಕೆ ಓಯ್ತು," ಎಂದ ಹಿಂದಿನ ಸಾಲಿನಿಂದ ರಜನೀಶ್. ಎಲ್ಲರೂ ನಕ್ಕರು.

"4109." ಸಿಂಧು ಆಗಲೂ ಹಿಂಡಿದಳು.

"ಮಾಸಿತ್ತು ಬುಡಿ ಸಾ."

ಹೀಗೇ ಹದಿನೆಂಟೂ ಹೋದವು. ಪ್ರತಿಯೊಂದಕ್ಕೂ ಸಿಂಧುವಿನದು ಅದೇ ಮುಖ, ಅದೇ ಕರ್ಚೀಫ್. ಪ್ರತಿಯೊಂದಕ್ಕೂ ರಜನೀಶನದು ಒಂದು ಮಾತು. ಇದು ನೀರಿಳೀತಿತ್ತು, ಇದಕ್ಕೆ ತೂತು ಬಿದ್ದಿತ್ತು, ಇದು ನಮ್ಮಜ್ಜಂದು. ಮೇಷ್ಟ್ರಿಗೆ ಮೊದಲಿಗಿಂತ ಗೊಂದಲ ಹೆಚ್ಚಾಯಿತು. ಕೊನೆಗೆ ಉಳಿದದ್ದು ಒಂದೇ.

"4417," ಎಂದರು.

ಹಿಂದಿನ ಸಾಲಿನಿಂದ ಏನೂ ಬರಲಿಲ್ಲ. ಮೇಷ್ಟ್ರು ಕಾದರು. ಮೂರು ವರ್ಷದಲ್ಲಿ ಆ ಹುಡುಗ ಬಾಯಿ ಮುಚ್ಚಿದ್ದನ್ನು ಅವರು ಕಂಡಿರಲಿಲ್ಲ. ತಲೆಯೆತ್ತಿದರೆ, ರಜನೀಶ್ ಎರಡೂ ಕೈಯಲ್ಲಿ ಬೆಂಚಿನ ಅಂಚು ಹಿಡಿದು ಮೇಷ್ಟ್ರ ಬೆರಳನ್ನೇ ನೋಡುತ್ತಿದ್ದ.

"ಯಾಕ್ಲಾ, ಇದಕ್ಕೆ ಏನೂ ಅನ್ನಾಕಿಲ್ವಾ?"

"ಇಲ್ಲ ಸಾ."

ಮೇಷ್ಟ್ರು ಕೀಲಿಮಣೆಯ ಮೇಲಿಂದ ಕೈ ತೆಗೆದರು. ಅದೇ ಹೊತ್ತಿಗೆ ಪ್ರಿನ್ಸಿಪಾಲರು ಒಳಗೆ ಬಂದು ಪರದೆಗೆ ಬಗ್ಗಿ ನೋಡಿದರು.

"ಇನ್ನೂ ಒಂದು ಉಳಿಸಿದ್ದೀರಲ್ಲ ದ್ಯಾವಯ್ಯನವರೆ. ಯಾರದು ಇದು?"

"ನಂದು ಸಾ."

"ನಿಮ್ಮದಾ? ಏನು ಮಾಡ್ತಿದೆ?"

"ಅದು ನಂಗೊತ್ತಿಲ್ಲ ಸಾ. ಬಿಸಿ ಐತೆ. ಬಿಸಿ ಇರೋ ಮೆಷಿನ್ನು ಕೆಲ್ಸದಲ್ಲಿರ್ತದೆ. ನಾನು ನಿಲ್ಸಾಕಿಲ್ಲ."

ಹಿಂದೆ ಬೆಂಚು ಕಿರ್‌ ಎಂದಿತು, ರಜನೀಶ್ ಎದ್ದು ನಿಂತಿದ್ದ.

"ಅದು ನಂದು ಸಾ, ಮೇಷ್ಟ್ರುದಲ್ಲ. ದುದ್ದ, ಕೊರವಂಗಲದ ಹೊಲದಾಗೆಲ್ಲ ಅಲೆದು ಆಲೂಗೆಡ್ಡೆ ಎಲೆ ಫೋಟೋ ತೆಗ್ದಿದ್ದೆ, ನಾಲ್ಕು ಸಾವ್ರ. ಯಾವ ಎಲೆಗೆ ರೋಗ ಬಂದೈತೆ ಅಂತ ಅದು ಕಲೀತೈತೆ. ಇವತ್ತು ಎರಡು ಗಂಟೆಗೆ ಮುಗೀತದೆ. ನಿಲ್ಸಿದ್ರೆ ಒಂಬತ್ತು ದಿನದ್ದೂ ಓಯ್ತು." ಬೆಂಚು ದಾಟಿ ಮುಂದೆ ಬಂದ. "ಟವಲ್ ಎಲ್ರಿಗೂ ಕೊಟ್ಟಿದ್ದೇ, ನಂದು ಅದರ ಮಧ್ಯೆ ಕಾಣ್ದಿರ್ಲಿ ಅಂತ. ಹಾಲ್ ಟಿಕೆಟ್ ಬೇಕಾದ್ರೆ ಇಟ್ಕಳಿ ಸಾ. ಎರಡು ಗಂಟೆಗಂಟ ಬುಟ್ಬುಡಿ."

ಪ್ರಿನ್ಸಿಪಾಲರು ರಜನೀಶನನ್ನೂ ಮೇಷ್ಟ್ರನ್ನೂ ನೋಡಿದರು. "ಒಂದು ಟವಲ್‌ಗೆ ಇಬ್ಬರು. ನಾನು ಯಾರನ್ನ ಹಿಡೀಲಿ?"

"ಬಸ್ಸಲ್ಲಿ ಆಳು ಬಂದು ಕೂತ್ಮ್ಯಾಲೆ ಅದನ್ನ ಯಾರೂ ಟವಲ್ ಹಾಕವ್ನೆ ಅನ್ನಾಕಿಲ್ಲ ಸಾ," ಎಂದರು ಮೇಷ್ಟ್ರು. "ಇಲ್ಲಿ ಆಳು ಕೂತವ್ನೆ. ಒಂಬತ್ತು ದಿನದಿಂದ ಎದ್ದಿಲ್ಲ."

ಹೊರಗೆ ಜೀಪು ನಿಂತ ಸದ್ದಾಯಿತು. ಚನ್ನಬಸವಯ್ಯನವರು ಕಾಲರ್ ಸರಿಮಾಡಿಕೊಂಡು ಬಾಗಿಲಿಗೆ ಹೋದವರು ತಿರುಗಿ ನಿಂತರು. "ಅವರಿಗೆ ಮೊದಲು ವರ್ಕ್‌ಶಾಪ್ ತೋರಿಸಿ. ಲೇತನ್ನ ಪೂರ್ತಿ ಬಿಚ್ಚಿ ತೋರಿಸಿ, ನಿಧಾನಕ್ಕೆ. ಆಮೇಲೆ ಊಟ. ಎರಡೂವರೆಗೆ ಲ್ಯಾಬ್." ಹಾಲ್ ಟಿಕೆಟ್ಟಿನ ಮಾತನ್ನು ಆಮೇಲೆ ಅವರು ಎತ್ತಲೇ ಇಲ್ಲ.

ಎರಡೂ ಹತ್ತಕ್ಕೆ ಮೇಷ್ಟ್ರು ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಓಡಿ ಬಂದಾಗ, ಪರದೆಯಲ್ಲಿ ಚುಕ್ಕೆ ಬಿದ್ದ ಒಂದು ಎಲೆ, ಅದರ ಕೆಳಗೆ ಒಂದೇ ಪದ: ಅಂಗಮಾರಿ. ಯಂತ್ರ ಅದನ್ನು ಹೇಗೆ ಕಲಿಯಿತೋ ಮೇಷ್ಟ್ರಿಗೆ ಇವತ್ತಿಗೂ ತಿಳಿದಿಲ್ಲ. ಆ ರೋಗದ ಎಲೆ ಮಾತ್ರ ಚೆನ್ನಾಗಿ ಗೊತ್ತಿತ್ತು. "ಅಂಗಮಾರಿನೇ ಕಣ್ಲಾ," ಎಂದರು. ಸಂತೋಷಕ್ಕೆ ಕಣ್ಣು ತುಂಬಿತು, ಅದರ ಹಿಂದೆಯೇ ನಾಚಿಕೆಯೂ ಬಂತು. ನಂದು ಸಾ ಎನ್ನುವುದು ಎರಡೇ ಮಾತು. ಹೋದ ವರ್ಷ ಸ್ವಿಚ್ಚಿಗೆ ಕೈ ಹಾಕುವ ಮೊದಲು ಅದನ್ನು ಹೇಳುವುದಕ್ಕೆ ಏನಾಗಿತ್ತು?

ಶನಿವಾರ ಮಧ್ಯಾಹ್ನ ಅವರು ಚನ್ನರಾಯಪಟ್ಟಣದಲ್ಲಿ ಬಸ್ಸಿಳಿದು, ಸುತ್ತು ಹಾಕದೆ ನೆಟ್ಟಗೆ ಆ ಬೀದಿಗೇ ನಡೆದರು. ಭಾನುಪ್ರಿಯಾ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದಳು. ಗುರುತು ಹಿಡಿದು ಎದ್ದು ನಿಂತಳು, ನಗಲಿಲ್ಲ.

"ಏನು ಕೊಡ್ಲಿ ಸಾ?"

"ಒಂದು ಟವಲ್ ಕೊಡವ್ವಾ."

ಅವಳು ಮೂರು ಬಣ್ಣದವನ್ನು ಮುಂದೆ ಹಾಕಿದಳು. ಮೇಷ್ಟ್ರು ಬಿಳಿಯದನ್ನು ಎತ್ತಿಕೊಂಡರು, ದುಡ್ಡು ಕೊಟ್ಟರು, ಹೋಗದೆ ಅಲ್ಲೇ ನಿಂತರು.

"ಅವತ್ತು ಸ್ವಿಚ್ ಆರ್ಸಿದ್ದು ನಾನೇ ಕಣವ್ವಾ. ತಪ್ಪಾಯ್ತು. ಫೇಲಾದೋರು ಮುಂದಿನ್ ತಿಂಗ್ಳು ಇನ್ನೊಂದ್ಸಲ ಪ್ರಾಜೆಕ್ಟ್ ತೋರ್ಸ್ಬೋದಂತೆ, ಕೇಳ್ಕಂಡ್ ಬಂದಿವ್ನಿ. ಎಷ್ಟು ದಿನ ಬೇಕಾದ್ರೂ ಓಡ್ಸು. ಯಾರು ಕೇಳಿದ್ರೂ ನಂದು ಅಂತೀನಿ."

ಭಾನುಪ್ರಿಯಾ ಅವರ ಕೈಯಿಂದ ಟವಲನ್ನು ಮತ್ತೆ ಈಸಿಕೊಂಡು, ಚೀಟಿ ಕಿತ್ತು, ನಾಲ್ಕು ಮಡಿಕೆ ಮಾಡಿ, ಅವರ ಕೈಯಲ್ಲೇ ಇಟ್ಟಳು.

"ಕಿಟಕಿ ಪಕ್ಕದ ಸೀಟಿಗೆ ಹಾಕಿರಿ ಸಾ," ಎಂದಳು. "ಸೋಮವಾರ ಬತ್ತೀನಿ."