ಕೆನ್ನೆಯ ಮೇಲೊಂದು ಕೈ

ನಮ್ಮೂರಿಗೆ ನಾನೇ ಮೊದಲ ಮನೋವೈದ್ಯೆ. ಓದು ಮುಗಿಸಿ ಬಂದಾಗ ಅಪ್ಪ, "ಹುಚ್ಚರ ಡಾಕ್ಟರ್ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವಾ?" ಎಂದು ಮಾತು ಬಿಟ್ಟಿದ್ದರು. ಬೋರ್ಡು ಹಾಕಿ ಮೂರು ತಿಂಗಳಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ನನ್ನ ಮೆಟ್ಟಿಲು ಹತ್ತಿದವರಿಗೆ ತಲೆ ಕೆಟ್ಟಿದೆ ಎಂದು ಎದುರಂಗಡಿಯ ದರ್ಜಿ ಊರೆಲ್ಲ ಡಂಗುರ ಸಾರುತ್ತಿದ್ದ. ಅವನ ನಾಲಿಗೆಗೇ ಹೊಲಿಗೆ ಹಾಕಬೇಕಿತ್ತು!

ಪಕ್ಕದ ಕೋಣೆಯ ಹಲ್ಲಿನ ಡಾಕ್ಟರಿಗೆ ಕನಿಕರ ಬಂತು. ನಮ್ಮಿಬ್ಬರ ಕೋಣೆಗಳ ನಡುವಿದ್ದ ಬಾಗಿಲಿನ ಚಿಲಕ ತೆಗೆದರು. ಅಂದಿನಿಂದ ಜನ ಕೆನ್ನೆಗೆ ಕೈ ಒತ್ತಿಕೊಂಡು, ನರಳುತ್ತ ಅವರ ಬಾಗಿಲಿನಿಂದ ಬಂದು, ನನ್ನೆದುರು ಅತ್ತು ಹಗುರಾಗಿ, ಮತ್ತೆ ಕೆನ್ನೆ ಹಿಡಿದುಕೊಂಡೇ ಹೊರಡುತ್ತಿದ್ದರು. ಊರಿನ ಹಲ್ಲೆಲ್ಲ ಹುಳುಕೆಂದು ಸುದ್ದಿಯಾಯಿತು. ಬ್ರಷ್ ಮಾರುವವನು ಮನೆಗೆ ಮಹಡಿ ಕಟ್ಟಿಸಿದ.

ಒಂದು ಬೆಳಿಗ್ಗೆ ನಡುಬಾಗಿಲು ಮೆಲ್ಲಗೆ ತೆರೆಯಿತು. ಅಪ್ಪ! ಕೆನ್ನೆಗೆ ಕರವಸ್ತ್ರ ಒತ್ತಿಕೊಂಡಿದ್ದರು.

"ನಿಮ್ಮಮ್ಮ ಹೋದ್ಮೇಲೆ ನಿದ್ದೇನೇ ಬರ್ತಿಲ್ಲ ಕಣಮ್ಮ."

ಕುರ್ಚಿ ಎಳೆದು ಕೂರಿಸಿದೆ. "ದರ್ಜಿ ನೋಡ್ಲಿಲ್ಲ ತಾನೆ?"

"ನೋಡ್ದ. ಹಲ್ಲುನೋವು ಅಂದೆ. ಪಾಪ ಅಂದ."

ಅಪ್ಪನ ಬಾಯಲ್ಲಿ ಒಂದೇ ಒಂದು ಹಲ್ಲೂ ಇಲ್ಲದೆ ಹನ್ನೊಂದು ವರ್ಷವಾಗಿತ್ತು.